ಹನ್ನೆರಡನೇ ಸಬ್ಜೆಕ್ಟು

ಕುರ್ಚಿ ಹಾಕುವ ರೀತಿ ನೋಡಿದರೆ ಮನೆಯವರು ಎಂಥವರು ಎಂದು ನನಗೆ ಗೊತ್ತಾಗುತ್ತದೆ. ಆ ವಿಶ್ವವಿದ್ಯಾಲಯದವರು ನನಗೆ ಹಾಕಿದ್ದ ಕುರ್ಚಿಗೆ ಐದು ಗಾಲಿಗಳಿದ್ದವು. ಬೆನ್ನು ಕೊಟ್ಟರೆ ಹಿಂದಕ್ಕೆ ಹೋಗುತ್ತಿತ್ತು, ಕಾಲೂರಿದರೆ ಪಕ್ಕಕ್ಕೆ ತಿರುಗುತ್ತಿತ್ತು. ಎಪ್ಪತ್ತಾರು ವರ್ಷದವನನ್ನು ಗಾಲಿಯ ಮೇಲೆ ಕೂರಿಸಿ, ನೆಲದ ಕಾನೂನು ಏನು ಹೇಳಿ ಎಂದು ಕೇಳಿದ ಜನ ಅವರು.

ನಾನು ಓದಿದವನಲ್ಲ. ಸಮೋವಾದಲ್ಲಿ, ಸವಾಯಿ ದ್ವೀಪದ ನಮ್ಮೂರ ಪಾದ್ರಿಯ ಜಗಲಿಯಲ್ಲಿ ಅಕ್ಷರ ಕಲಿತೆ. ಬೈಬಲ್ಲು ಓದುವಷ್ಟು ಬಂದಮೇಲೆ ಅಪ್ಪ ತೋಟಕ್ಕೆ ಕರೆದುಕೊಂಡು ಹೋದ. ಆಮೇಲೆ ಈ ಆಸ್ಟ್ರೇಲಿಯಾಕ್ಕೆ ಬಂದು ಬ್ರಿಸ್ಬೇನಿನ ಹೊರಗೆ ಕಸಾಯಿಖಾನೆಯಲ್ಲಿ ಇಪ್ಪತ್ತಾರು ವರ್ಷ ಮೂಳೆ ಬಿಡಿಸಿದೆ. ಊರಲ್ಲಿ ಅಣ್ಣ ತೀರಿಕೊಂಡಾಗ ಮನೆತನದ ಪಟ್ಟ ನನ್ನ ಹೆಗಲಿಗೆ ಬಂತು. ವಾಪಸ್ಸು ಹೋಗಿ ಐದು ವರ್ಷ ಊರ ಸಭೆಯಲ್ಲಿ ಕೂತೆ. ನಮ್ಮದು ಮಾತುಗಾರರ ಪಟ್ಟ. ಸಭೆಯಲ್ಲಿ ದೊಡ್ಡವರು ಸುಮ್ಮನಿರುತ್ತಾರೆ, ಅವರ ಪರವಾಗಿ ಬಾಯಿ ಬಿಡುವುದು ನಾವು. ಲೇವಾಸಾ ಎಂಬುದು ಆ ಪಟ್ಟದ ಹೆಸರು. ಪೆನಿಯಾಮಿನಾ ಎಂದು ಅವ್ವ ಇಟ್ಟದ್ದು. ಪಟ್ಟ ಬಂದಮೇಲೆ ಅವ್ವನ ಹೆಸರು ಹಿಡಿದು ನನ್ನನ್ನು ಕರೆಯುವ ಧೈರ್ಯ ನನ್ನ ಹೆಂಡತಿಗೂ ಇರಲಿಲ್ಲ, ದೇವರು ಅವಳ ಆತ್ಮಕ್ಕೆ ಶಾಂತಿ ಕೊಡಲಿ.

ಇಷ್ಟು ಹೇಳಿದ್ದು ನನ್ನ ದೊಡ್ಡಸ್ತಿಕೆಗಲ್ಲ. ಮುಂದಿನದು ಅರ್ಥವಾಗಬೇಕಲ್ಲ, ಅದಕ್ಕೆ.

ಮಗಳು ಪೇಪೆಯ ಎರಡೂ ಮೂತ್ರಪಿಂಡ ಕೆಟ್ಟವು. ಅವಳು ಇಲ್ಲಿ ಬ್ರಿಸ್ಬೇನಿನ ಪಕ್ಕದ ಲೋಗನ್‌ನಲ್ಲಿ ಒಬ್ಬಳೇ. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ರಕ್ತ ಕೊಟ್ಟು ಅದನ್ನು ತೊಳೆಸಿಕೊಂಡು ಬರಬೇಕು. ಪಟ್ಟದ ಕೆಲಸವನ್ನು ತಮ್ಮನ ಕೈಗೆ ಒಪ್ಪಿಸಿ ನಾನು ಬಂದೆ. ಅವಳ ಮಗಳು ಫುವಾತಿನೋ ಆಗ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದಳು, ಎರಡು ವರ್ಷ ಮುಗಿಸಿದ್ದಳು. ಅವಳೂ ಬಂದಳು. ಅಮ್ಮನನ್ನು ಕಾರಿನಲ್ಲಿ ಕರೆದೊಯ್ಯುವವರು ಬೇಕಲ್ಲ, ನನ್ನ ಕಣ್ಣಿಗೆ ಈಗ ಲೈಸೆನ್ಸ್ ಕೊಡುವುದಿಲ್ಲ.

ಪೇಪೆ ಹೆಚ್ಚು ಮಾತಿನವಳಲ್ಲ. ಒಂದು ಸಲ ಮಾತ್ರ ಮಗಳ ಮುಂದೆ ಅಂದಳು, "ನೀನು ಕರಿ ಗೌನು ಹಾಕ್ಕೊಂಡಿದ್ದನ್ನ ನೋಡಿಬಿಟ್ರೆ ಸಾಕು." ಡಾಕ್ಟರು ಎಷ್ಟು ವರ್ಷ ಎಂದು ಹೇಳುವುದಿಲ್ಲ. ಆದರೆ ಕಸಾಯಿಖಾನೆಯಲ್ಲಿ ಅಷ್ಟು ವರ್ಷ ದುಡಿದವನಿಗೆ ಮೈಯ ಬಣ್ಣ ನೋಡಿದರೆ ತಿಳಿಯುತ್ತದೆ. ಎರಡು ವರ್ಷ ಅವಳು ತಡೆಯಬಹುದು. ನಾಲ್ಕು ವರ್ಷ ತಡೆಯಲಾರಳು.

ಆ ಎರಡಕ್ಕೂ ನಾಲ್ಕಕ್ಕೂ ನಡುವೆ ನಿಂತದ್ದು ಒಂದು ಸಬ್ಜೆಕ್ಟು.

ದ್ವೀಪದಲ್ಲಿ ಫುವಾತಿನೋ ಹದಿನಾರು ಸಬ್ಜೆಕ್ಟು ಪಾಸು ಮಾಡಿದ್ದಳು. ಇಲ್ಲಿಯ ಕಾನೂನು ಶಾಲೆಗೆ ಸೇರಲು ಅರ್ಜಿ ಹಾಕಿದಾಗ, ಹನ್ನೆರಡಕ್ಕೆ ಅವರು ಕ್ರೆಡಿಟ್ ಕೊಟ್ಟರೆ, ಅಂದರೆ ಅಲ್ಲಿ ಓದಿದ್ದನ್ನು ಇಲ್ಲಿಯ ಲೆಕ್ಕಕ್ಕೆ ಹಿಡಿದರೆ, ನೇರ ಮೂರನೇ ವರ್ಷ, ಹನ್ನೊಂದಾದರೆ ಮತ್ತೆ ಮೊದಲ ವರ್ಷದಿಂದ ನಾಲ್ಕೂ ವರ್ಷ ಎಂದರು. ಲೆಕ್ಕ ಹಾಕಿ ಹನ್ನೊಂದು ಕೊಟ್ಟರು. ಒಪ್ಪಂದದ ಕಾನೂನಿಗೆ ಕೊಟ್ಟರು, ಯಾಕೆಂದರೆ ಅಲ್ಲೂ ಇಲ್ಲೂ ಓದಿಸುವುದು ಇಂಗ್ಲೆಂಡಿನವನು ಬರೆದ ಒಂದೇ ದಪ್ಪ ಪುಸ್ತಕ. ನಮ್ಮ ದೇಶದ ಸಂವಿಧಾನಕ್ಕೆ ಕೊಡಲಿಲ್ಲ, ನಮ್ಮ ಸಮುದ್ರದ ಕಾನೂನಿಗೆ ಕೊಡಲಿಲ್ಲ. ಅವುಗಳನ್ನು ಕೇಳುವ ಹಾಗೂ ಇಲ್ಲ ಎಂದರು. ಒಂದನ್ನು ಮಾತ್ರ ವಿಚಾರಣೆಗೆ ಇಟ್ಟರು: 'ಪದ್ಧತಿಯ ಭೂಮಿ ಮತ್ತು ಪಟ್ಟಗಳು'. ಆ ಪಾಠದ ಅರ್ಧ ನಡೆದದ್ದು ನಮ್ಮೂರಲ್ಲಿ, ಮೂರು ವಾರ, ಸಭೆಯ ಮನೆಯಲ್ಲಿ. ಕಲಿಸಿದವನು ನಾನು.

ಕ್ರೆಡಿಟ್ ಕಚೇರಿಯಲ್ಲಿ ನೆರಿಡಾ ಎಂಬ ಹೆಂಗಸು. ಅವಳು ಪ್ರತಿ ಇ-ಮೇಲಿನ ಕೊನೆಗೆ 'ಚಿಂತೆ ಬೇಡ' ಎಂದು ಬರೆಯುತ್ತಿದ್ದಳು. ಆ ಪಾಠದ ಮೇಡಂ ಎಲ್ಲಿದ್ದಾರೆ ಎಂದು ಕೇಳಿದಳು. ಮೇಡಂ ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋಗಿದ್ದರು, ಉತ್ತರ ಬರಲಿಲ್ಲ. ಚಿಂತೆ ಬೇಡ. ಊರಲ್ಲಿ ವಾರಕ್ಕೆ ಎಷ್ಟು ಗಂಟೆ ತರಗತಿ ನಡೆಯಿತು ಎಂದು ಕೇಳಿದಳು. ಫುವಾತಿನೋ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಎಷ್ಟು ಅಂತ ಬರೀಲಿ ಅಜ್ಜ?"

"ನಿದ್ದೆ ಮಾಡಿದ್ದು ಬಿಟ್ಟು ಉಳಿದಿದ್ದೆಲ್ಲ ಬರಿ."

ಅವಳು ನಕ್ಕು ಏನೋ ಒಂದು ಅಂಕಿ ಬರೆದಳು. ನಂಬುವುದಕ್ಕೆ ಆಧಾರವಿಲ್ಲ ಎಂದು ಉತ್ತರ ಬಂತು, ಚಿಂತೆ ಬೇಡ ಎಂದೂ ಬಂತು. ಆಮೇಲೆ ಕಲಿಸಿದವರ ಡಿಗ್ರಿ ಯಾವುದು ಎಂದು ಕೇಳಿದಳು. ಪಾದ್ರಿಯ ಜಗಲಿ ಎಂದು ಬರೆಯಲು ಹೇಳಿದೆ, ಫುವಾತಿನೋ ಬರೆಯಲಿಲ್ಲ. ಕೊನೆಗೆ, ಕಲಿಸಿದವರು ಲೋಗನ್‌ನಲ್ಲೇ ಇದ್ದಾರಲ್ಲ, ಸಮಿತಿಯ ಮುಂದೆ ಬರಲಿ, ಹದಿನೈದು ನಿಮಿಷ ಕೊಡುತ್ತೇವೆ ಎಂದರು.

ಆ ಮೂರು ವಾರದ ವಿಷಯ ಹೇಳಬೇಕು. ಏಳು ಜನ ವಿದ್ಯಾರ್ಥಿಗಳು ಬಂದಿದ್ದರು, ನಾಲ್ಕು ಬೇರೆ ಬೇರೆ ದ್ವೀಪಗಳವರು. ಒಬ್ಬ ತನ್ನ ದಿಂಬು ತಂದಿದ್ದ. ಮೊದಲ ಒಂಬತ್ತು ದಿನ ಪ್ರಶ್ನೆ ಕೇಳಬಾರದು ಎಂದೆ. ಗುಡಿಸಿ, ಟೀ ತಂದುಕೊಡಿ, ಹಿಂದೆ ಕೂತು ಕೇಳಿ. ಮೊಮ್ಮಗಳು ಎಂದು ಫುವಾತಿನೋಗೆ ರಿಯಾಯಿತಿ ಇರಲಿಲ್ಲ, ಅವಳಿಗೆ ಎರಡು ಕೊಳಗ ಜಾಸ್ತಿ ತೊಳೆಸಿದೆ. ಆಗ ಊರಲ್ಲಿ ಎರಡು ಮನೆತನಗಳ ನಡುವೆ ಒಂದು ಸಾಲು ಹಲಸಿನಂಥ ಬ್ರೆಡ್‌ಫ್ರೂಟ್ ಮರಗಳ ಜಗಳ ಸಭೆಗೆ ಬಂದಿತ್ತು. ಮರ ನೆಟ್ಟವರು ಯಾರು ಎಂಬುದರ ಮೇಲೆ ನೆಲ ಯಾರದು ಎಂದು ತೀರ್ಮಾನ. ನಾಲ್ಕನೆಯ ದಿನ ಟೋಲೋ ಎಂಬ ಮುದುಕ ಮಾತಾಡಲು ಎದ್ದ. ತೊಂಬತ್ತರ ಹತ್ತಿರದವನು. ಮಾತಿನ ನಡುವೆ ಮುತ್ತಜ್ಜನ ಹೆಸರು ಹೇಳುವಲ್ಲಿ ಇನ್ನೊಬ್ಬನ ಹೆಸರು ಹೇಳಿಬಿಟ್ಟ. ಸಭೆಯಲ್ಲಿದ್ದ ಎಲ್ಲರಿಗೂ ಅದು ತಪ್ಪೆಂದು ಗೊತ್ತು. ಯಾರೂ ಹುಬ್ಬು ಅಲುಗಿಸಲಿಲ್ಲ. ದಿಂಬಿನ ಹುಡುಗ ಮಾತ್ರ ಪುಸ್ತಕ ತಿರುವಿ, "ಸರ್, ಮೊನ್ನೆ ನೀವು ಬೇರೆ ಹೆಸರು ಹೇಳಿದ್ರಿ" ಎಂದ.

ಸಭೆ ಅಲ್ಲಿಗೇ ನಿಂತಿತು. ಹುಡುಗನನ್ನು ಹೊರಗೆ ಕಳಿಸಿದರು. ಅವನು ನನ್ನ ಅತಿಥಿ, ಆದ್ದರಿಂದ ದಂಡ ನನ್ನ ಮೇಲೆ ಬಿತ್ತು: ಒಂದು ಹಂದಿ, ಒಂದು ಪೆಟ್ಟಿಗೆ ಡಬ್ಬಿ ಮೀನು. ಅದೇ ಸಂಜೆ ಕೊಟ್ಟೆ. ಮಾರನೆಯ ದಿನ ಇನ್ನೊಬ್ಬ ಮಾತುಗಾರ ಎದ್ದು ಟೋಲೋನನ್ನು ಹೊಗಳಿದ, ಅವನ ವಂಶವನ್ನು ಹೊಗಳಿದ, ಹೊಗಳುತ್ತ ಹೊಗಳುತ್ತ ಸುತ್ತಿ ಬಂದು ಸರಿಯಾದ ಮುತ್ತಜ್ಜನನ್ನು ಅವನ ಜಾಗದಲ್ಲಿ ಕೂರಿಸಿದ. ಟೋಲೋ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದ. ಮರಗಳು ಯಾರವೆಂದು ಆ ಮಧ್ಯಾಹ್ನವೇ ತೀರಿತು, ಇವತ್ತಿಗೂ ಆ ಎರಡು ಮನೆಯವರು ಮದುವೆಗೆ ಹೋಗಿಬರುತ್ತಾರೆ. ಮಾತಾಡುತ್ತಿರುವವನ ಬಾಯಿಗೆ ಬಾಯಿ ಹಾಕಬಾರದು, ಅವನು ತಪ್ಪಿದರೆ ಎತ್ತಿ ನಿಲ್ಲಿಸುವುದು ಮುಂದೆ ಮಾತಾಡುವವನ ಕೆಲಸ. ಮೂರು ವಾರದಲ್ಲಿ ನಾನು ಕಲಿಸಿದ್ದೆಂದರೆ ಹೆಚ್ಚುಕಡಿಮೆ ಇದೊಂದೇ. ಉಳಿದದ್ದೆಲ್ಲ ಮರಗಳ ಎಣಿಕೆ.

ವಿಚಾರಣೆಯ ದಿನ ನನ್ನ ಜೊತೆಗೆ ಇಲೈಸಾ ಬಂದ. ನನ್ನ ತಂಗಿಯ ಮಗ. ಅವನಿಗೂ ಪಟ್ಟ ಇದೆ. ಅವನ ಅಪ್ಪನ ಕಡೆಯವರು ಒಂದೇ ಬೆಳಿಗ್ಗೆ ಹದಿನೆಂಟು ಜನಕ್ಕೆ ಒಂದೇ ಪಟ್ಟ ಹಂಚಿದರು, ಅದರಲ್ಲಿ ಇವನದೊಂದು ಪಾಲು. ಪುರಸಭೆಯಲ್ಲಿ ನಮ್ಮ ಜನರ ಪರವಾಗಿ ಏನೋ ಒಂದು ಕೆಲಸ, ಎದೆಯ ಮೇಲೆ ಫೋಟೋ ಇರುವ ಕಾರ್ಡು. ಸೊಂಟಕ್ಕೆ ಪಂಚೆಯ ಹಾಗೆ ಸುತ್ತುವ ಲಾವಲಾವದ ಮೇಲೆ ಟೈ ಕಟ್ಟಿಕೊಂಡು ಬಂದಿದ್ದ. ಕಾರಿನಲ್ಲಿ ದಾರಿಯುದ್ದಕ್ಕೂ ನನಗೆ ಪಾಠ.

"ಮಾವ, ಚಿಕ್ಕದಾಗಿ ಹೇಳಿಬಿಡಿ. ಅವರಿಗೆ ಟೈಮಿರಲ್ಲ."

"ಟೈಮಿಲ್ದೋರು ಕಾನೂನು ಯಾಕೋ ಹೇಳ್ಕೊಡ್ತಾರೆ?"

"ಹಂಗಲ್ಲ ಮಾವ. ಇಲ್ಲಿ ಸಿಸ್ಟಮ್ಮೇ ಬೇರೆ."

ಫುವಾತಿನೋ ಕಾರು ಓಡಿಸುತ್ತಿದ್ದಳು, ಅವಳ ಕಿವಿ ಕೆಂಪಾಗಿತ್ತು. ನನ್ನ ಹೆಗಲ ಮೇಲೆ ಚಾಮರ ಇತ್ತು. ತೆಂಗಿನ ನಾರಿನದು, ಮಾತುಗಾರನ ಗುರುತು, ಅಜ್ಜನ ಕಾಲದ್ದು. ಅದಿಲ್ಲದೆ ನಾನು ಯಾವ ಸಭೆಯಲ್ಲೂ ಬಾಯಿ ತೆರೆದಿಲ್ಲ.

ಕೋಣೆಯಲ್ಲಿ ಮೂವರಿದ್ದರು. ಸಮಿತಿಯ ಮುಖ್ಯಸ್ಥ ಡಾಕ್ಟರ್ ಹೆಸ್ಕೆತ್, ತೆಳ್ಳನೆಯವನು, ಸೈಕಲ್ಲು ಹೊಡೆದು ಬಂದವನ ಹಾಗೆ ಪ್ಯಾಂಟಿನ ಕಾಲಿಗೆ ಪಟ್ಟಿ ಕಟ್ಟಿದ್ದ. ಮುಂದೆ ಡಬ್ಬಿಯಲ್ಲಿ ಸೊಪ್ಪು. ನಾವು ಒಳಗೆ ಹೋದಾಗಲೂ ತಿನ್ನುತ್ತಿದ್ದ, ಆಮೇಲೂ ತಿನ್ನುತ್ತಿದ್ದ, ನಮಗೆ ತಿನ್ನಿ ಎನ್ನಲಿಲ್ಲ. ನಮ್ಮಲ್ಲಿ ಹೆಣ ಇಟ್ಟುಕೊಂಡ ಮನೆಯವರೂ ಬಂದವರಿಗೆ ಒಂದು ಲೋಟ ಕೊಡುತ್ತಾರೆ. ಪಕ್ಕದಲ್ಲಿ ನೆರಿಡಾ, ಬರೆದುಕೊಳ್ಳಲು. ಮೂರನೆಯವನು ಬಾಯೇ ಬಿಡಲಿಲ್ಲ, ಯಾಕೆ ಬಂದಿದ್ದನೋ ಇವತ್ತಿಗೂ ತಿಳಿಯದು. ಮೇಜಿನ ನಡುವೆ ಒಂದು ಫೋನು. ಮೊಮ್ಮಗಳು ಅನುವಾದ ಮಾಡುವ ಹಾಗಿಲ್ಲವಂತೆ, ಅವಳಿಗೆ ಲಾಭ ಇದೆಯಲ್ಲ. ಸಿಡ್ನಿಯಲ್ಲಿ ಕೂತ ನಮ್ಮವಳೇ ಒಬ್ಬಳು ಫೋನಿನಲ್ಲಿ ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ. ನನಗೂ ಇಂಗ್ಲಿಷ್ ಬರುತ್ತದೆ, ಚಾಕು ಕೊಡು, ಕೈ ತೆಗಿ, ಶಿಫ್ಟು ಮುಗೀತು ಎನ್ನುವಷ್ಟು, ಅದಕ್ಕಿಂತ ಸ್ವಲ್ಪ ಹೆಚ್ಚೂ ಬರುತ್ತದೆ. ಸಭೆಯ ಮಾತು ಆ ಭಾಷೆಯಲ್ಲಿ ನನ್ನ ಬಾಯಿಗೆ ಬರುವುದಿಲ್ಲ.

ಹೆಸ್ಕೆತ್ ನನ್ನ ಕಾಗದ ನೋಡಿದ. "ಪೆನಿ... ಪೆನಿಯ... ನಿಮ್ಮನ್ನ ಬೆನ್ ಅಂತ ಕರೀಬಹುದಾ?"

ಕಸಾಯಿಖಾನೆಯಲ್ಲಿ ನನ್ನನ್ನು ಬೆನ್ ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತು ರಕ್ತ ಮೆತ್ತಿಕೊಂಡವರು, ಅವರು ಏನೆಂದರೂ ಸರಿ. ಇವನು ಯಾವ ಮೂಳೆ ಬಿಡಿಸಿದ್ದ? ಆದರೂ ತಲೆಯಾಡಿಸಿದೆ. ಅವನು ಚಾಮರ ನೋಡಿ, "ಇದು ಸೊಳ್ಳೆ ಓಡ್ಸೋಕಾ?" ಎಂದು ನಕ್ಕ. ನೊಣಕ್ಕೆ ಎಂದೆ. ಫೋನಿನವಳು ಅದನ್ನೂ ಇಂಗ್ಲಿಷಿಗೆ ತಿರುಗಿಸಿದಳು.

ಆಮೇಲೆ ಕೇಳಿದ. "ಸರಿ ಬೆನ್, ಪದ್ಧತಿಯ ಭೂಮಿ ಕಾನೂನಿನ ಬಗ್ಗೆ ನಿಮಗೆ ಏನು ಗೊತ್ತು, ನಿಮ್ಮ ಮಾತಲ್ಲೇ ಹೇಳಿ."

ಚಾಮರವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿದೆ. ಚಿಕ್ಕಂದಿನಿಂದ ಕೇಳಿ, ಐದು ವರ್ಷ ಆಡಿ ಬಂದ ಮಾತು ತಾನಾಗಿ ಬಂತು. ನಾನು ಯೋಚನೆಯೇ ಮಾಡಲಿಲ್ಲ. ನೀರು ಕುಡಿಯುವವನು ಲೋಟ ಎತ್ತುವುದನ್ನು ಯೋಚಿಸುತ್ತಾನೆಯೇ?

"ಈ ಮನೆಯ ಗೌರವಕ್ಕೆ ತಲೆಬಾಗುತ್ತೇನೆ. ನಾನು ಏನೂ ತಿಳಿಯದವನು. ಓದದವನು, ಹಿಂದಿನ ಕಂಬದ ಬುಡದಲ್ಲಿ ಕೂರುವವನು. ತಿಳಿದವರು ಇಲ್ಲಿ ಕೂತಿರುವಾಗ ನನ್ನ ಬಾಯಲ್ಲಿ ಬರುವುದು ಬರೀ ಗಾಳಿ. ನನ್ನಿಂದ ಯಾರೂ ಏನೂ ಕಲಿತಿಲ್ಲ."

ಇಷ್ಟು ಹೇಳಿ ನಿಲ್ಲಿಸಿದೆ. ಇಲ್ಲಿ ನಿಲ್ಲಿಸಬೇಕು. ಕೇಳುವವರು ಆಗ, ಇಲ್ಲ ಹಾಗನ್ನಬೇಡಿ, ನಿಮ್ಮ ಮಾತು ಕೇಳಲೆಂದೇ ಬಂದಿದ್ದೇವೆ, ಏಳಿ, ಹೇಳಿ ಎಂದು ಎತ್ತುತ್ತಾರೆ. ಎತ್ತಿದ ಮೇಲೆ ಮಾತು ಶುರು. ತನಗೆ ಗೊತ್ತು ಎಂದು ಶುರು ಮಾಡಿದವನನ್ನು ನಮ್ಮ ಸಭೆಯಲ್ಲಿ ಎರಡನೇ ಸಲ ಯಾರೂ ಮಾತಿಗೆ ಕರೆಯುವುದಿಲ್ಲ.

ಫೋನಿನ ಹೆಂಗಸಿಗೆ ಗೊತ್ತಾಗಿತ್ತು, ಅವಳ ಉಸಿರು ಕೇಳಿಸಿತು. ಆದರೆ ಅವಳ ಕೆಲಸದಲ್ಲಿ ಹೇಳಿದ್ದಕ್ಕಿಂತ ಒಂದು ಮಾತೂ ಸೇರಿಸಬಾರದಂತೆ. ಸೇರಿಸದೆ, ಬಿಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಓದಿಲ್ಲ. ಏನೂ ತಿಳಿಯದು. ಯಾರೂ ಏನೂ ಕಲಿತಿಲ್ಲ.

ನೆರಿಡಾ ಟಕಟಕ ಬರೆದುಕೊಂಡಳು. ಹೆಸ್ಕೆತ್ ಫೋರ್ಕಿನಲ್ಲಿ ಒಂದು ಟೊಮೆಟೊ ಚುಚ್ಚಿ, "ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ ಬೆನ್. ಇದರಿಂದ ನಮ್ಮ ಕೆಲಸ ಸುಲಭ ಆಯ್ತು" ಎಂದ.

ನಾನು ಕಾದೆ. ಮೊದಲಿಗೆ ಅರ್ಥವೇ ಆಗಲಿಲ್ಲ. ಅವನ ಬಾಯಲ್ಲಿ ಟೊಮೆಟೊ ಇದೆ, ನುಂಗಿದ ಮೇಲೆ ನನ್ನನ್ನು ಎತ್ತುತ್ತಾನೆ ಎಂದುಕೊಂಡೆ. ಅವನು ನುಂಗಿ ಗಡಿಯಾರ ನೋಡಿದ. ಆಗ ತಿಳಿಯಿತು. ಇಷ್ಟು ಓದಿ, ಗೋಡೆ ತುಂಬ ಸರ್ಟಿಫಿಕೇಟು ನೇತುಹಾಕಿಕೊಂಡು, ಒಬ್ಬ ಮನುಷ್ಯನ ವಿನಯವನ್ನು ತಪ್ಪೊಪ್ಪಿಗೆ ಎಂದು ತೆಗೆದುಕೊಳ್ಳುವ ದಡ್ಡತನ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಅದು ನನ್ನ ತಪ್ಪು. ಆದರೆ ನನ್ನ ಮಾತನ್ನು ನಾನೇ ತಿರುಗಿಸಿ, ಇಲ್ಲ ನನಗೆ ಬಹಳ ಗೊತ್ತು ಎನ್ನುವುದು ಹೇಗೆ? ಲಾವಲಾವ ಬಿಚ್ಚಿ ನಿಂತ ಹಾಗೆ. ಆ ಜನರ ಮುಂದೆ ಅದನ್ನು ಮಾಡುವವನಲ್ಲ ನಾನು.

ಎತ್ತುವವನು ಒಬ್ಬನಿದ್ದ. ಇಲೈಸಾ. ಪಟ್ಟ ಇದ್ದವನು, ಪದ್ಧತಿ ತಿಳಿದವನು, ಇಂಗ್ಲಿಷಿನಲ್ಲಿ ಪುರಸಭೆಯನ್ನೇ ಮಾತಾಡಿಸುವವನು. ಮುಂದಿನ ಮಾತು ಅವನದು. ಅವನ ಕಡೆ ನೋಡಿದೆ. ಅವನು ಕೊರಳ ಕಾರ್ಡನ್ನು ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದ. ಹೆಸ್ಕೆತ್ ತನ್ನ ಕಡೆ ನೋಡಿದಾಗ ಇಲೈಸಾ ನಕ್ಕ. ಬೆಳ್ಳಗಿನವರು ನೋಡಿದಾಗಲೆಲ್ಲ ಅವನು ನಗುತ್ತಾನೆ, ಚಿಕ್ಕಂದಿನಿಂದಲೂ ಹಾಗೇ. ಹದಿನೆಂಟರಲ್ಲಿ ಒಂದು ಪಾಲಿನ ಪಟ್ಟ ಅಷ್ಟೇ ತೂಗುತ್ತದೆ.

ನೆರಿಡಾ ಲ್ಯಾಪ್‌ಟಾಪು ಮುಚ್ಚಲು ಕೈ ಇಟ್ಟಳು.

ಆಗ ಫುವಾತಿನೋ ಕುರ್ಚಿಯಿಂದ ಇಳಿದಳು. ನಿಲ್ಲಲಿಲ್ಲ, ಕೆಳಗೆ ಕಾರ್ಪೆಟ್ಟಿನ ಮೇಲೆ ಕಾಲು ಮಡಿಸಿ ಕೂತಳು, ಅವಳ ತಲೆ ನನ್ನ ಮೊಣಕಾಲಿಗಿಂತ ಕೆಳಗೆ. ಮೂರನೆಯವನು ಅವಳೇನೋ ಬೀಳಿಸಿಕೊಂಡಳೆಂದು ಮೇಜಿನ ಕೆಳಗೆ ಬಗ್ಗಿ ನೋಡಿದ.

"ಅವರು ಹೇಳಿದ್ದನ್ನ ಹಾಗೇ ಬರ್ಕೋಬೇಡಿ ಸರ್," ಎಂದಳು. "ನಮ್ಮಲ್ಲಿ ತಿಳಿದೋರು ಮಾತು ಶುರು ಮಾಡೋದೇ ಹೀಗೆ. ನೀವು ಹೇಳಿ ಹೇಳಿ ಅಂತ ಕರೀಬೇಕಿತ್ತು. ಕರೀಲಿಲ್ಲ. ಅವರ ಮಾತು ಇನ್ನೂ ಶುರುವೇ ಆಗಿಲ್ಲ."

ಇಲೈಸಾ ನಮ್ಮ ಭಾಷೆಯಲ್ಲಿ ಮೆಲ್ಲಗೆ, "ಏ ಹುಡುಗಿ, ಬಾಯ್ಮುಚ್ಚು" ಎಂದ. ಫೋನಿನವಳು ಅದನ್ನೂ ತಪ್ಪದೆ ಇಂಗ್ಲಿಷಿಗೆ ತಿರುಗಿಸಿದಳು. ನನಗೆ ಆ ಹೆಂಗಸಿನ ಮೇಲೆ ಸ್ವಲ್ಪ ಗೌರವ ಬಂತು.

ಫುವಾತಿನೋ ಬಾಯಿ ಮುಚ್ಚಲಿಲ್ಲ. ಮರಗಳ ಜಗಳ ಹೇಳಿದಳು. ಎರಡು ಮನೆತನ, ಮುತ್ತಜ್ಜಂದಿರು, ಯಾವ ಮರದ ಬುಡದಲ್ಲಿ ಯಾರ ಹೊಕ್ಕುಳ ಬಳ್ಳಿ ಹೂತಿದೆ, ಅದರಿಂದ ನೆಲದ ಹಕ್ಕು ಹೇಗೆ ಬರುತ್ತದೆ, ಸರ್ಕಾರದ ಭೂಮಿ ಕೋರ್ಟು ಅದನ್ನು ಯಾವಾಗ ಒಪ್ಪುತ್ತದೆ, ಯಾವಾಗ ಒಪ್ಪುವುದಿಲ್ಲ. ಟೋಲೋನ ತಪ್ಪು, ದಿಂಬಿನ ಹುಡುಗ, ಹಂದಿ, ಡಬ್ಬಿ ಮೀನು, ಮಾರನೆಯ ದಿನದ ಮಾತುಗಾರ. ಒಂದೂ ಬಿಡಲಿಲ್ಲ. ನಾನು ಮರೆತಿದ್ದ ಒಂದು ಕಲ್ಲಿನ ಹೆಸರನ್ನೂ ಹೇಳಿದಳು. ಗಡಿಕಲ್ಲು, ಹೌದು, ಆ ಕಲ್ಲಿಗೆ ಹೆಸರಿತ್ತು. ಅವಳು ಹಿಂದೆ ಕೂತು ಕೊಳಗ ತೊಳೆಯುತ್ತಲೇ ಕೇಳಿಸಿಕೊಂಡಿದ್ದಳು.

ಹೆಸ್ಕೆತ್ ಫೋರ್ಕು ಕೆಳಗಿಟ್ಟ. ಮೊದಲ ಸಲ ಮೇಜಿನ ಮೇಲೆ ಬಾಗಿದ. ಕೊನೆಗೆ ನನ್ನ ಕಡೆ ತಿರುಗಿ, "ಇವಳು ಹೇಳಿದ್ದು ಸರಿನಾ ಬೆನ್?" ಎಂದ.

"ಹೇಳಿದ್ದೆಲ್ಲ ಸರಿ," ಎಂದೆ. "ಹೇಳಬಾರದಿತ್ತು."

ಅದು ತಮಾಷೆ ಎಂದುಕೊಂಡು ಅವನು ನಕ್ಕ. ಹದಿನೈದು ನಿಮಿಷಕ್ಕೆ ಇಪ್ಪತ್ತೆರಡಾಗಿತ್ತು, ಅದಕ್ಕೆ ಕ್ಷಮೆ ಕೇಳಿದ.

ಕಾರಿನಲ್ಲಿ ಇಲೈಸಾ ಮಾತ್ರ ಮಾತಾಡಿದ. ಒಟ್ಟಿನಲ್ಲಿ ಚೆನ್ನಾಗಿ ಆಯಿತಂತೆ. ಹೆಸ್ಕೆತ್ ಒಳ್ಳೆಯವನಂತೆ, ತನ್ನ ವಿಸಿಟಿಂಗ್ ಕಾರ್ಡು ತೆಗೆದುಕೊಂಡನಂತೆ. ಹುಡುಗಿ ಸ್ವಲ್ಪ ದುಡುಕಿದಳು, ಹೋಗಲಿ ಬಿಡಿ ಮಾವ, ಈ ದೇಶದಲ್ಲಿ ಹುಟ್ಟಿದ ಮಕ್ಕಳು ಎಂದ. ಅವಳು ಹುಟ್ಟಿದ್ದು ಸಮೋವಾದಲ್ಲಿ, ಅವನೇ ಹುಟ್ಟಿದ್ದು ಇಲ್ಲಿ. ಅವನ ಮನೆಯ ಮುಂದೆ ಇಳಿಸಿದೆವು. ಇಳಿಯುವಾಗ ನಾನು ಅವನಿಗೆ ಏನೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಅವನು ಅದನ್ನು ಕ್ಷಮೆ ಎಂದುಕೊಂಡಿದ್ದಾನೆ.

ಶನಿವಾರ ಬೆಳಿಗ್ಗೆ ನಾನು ಗ್ಯಾರೇಜಿನಲ್ಲಿ ಚಾಪೆಯ ಮೇಲೆ ಕೂತು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದೆ. ಫುವಾತಿನೋ ಒಂದು ಪೆಟ್ಟಿಗೆ ಹೊತ್ತುಕೊಂಡು ಬಂದಳು. ಡಬ್ಬಿ ಮೀನು, ನಲವತ್ತೆಂಟರ ಪೆಟ್ಟಿಗೆ. ನನ್ನ ಮುಂದೆ ಇಟ್ಟು, ಹಿಂದೆ ಸರಿದು, ತಲೆ ತಗ್ಗಿಸಿ ಕೂತಳು. ಸಮಿತಿಯಿಂದ ಇನ್ನೂ ಕಾಗದ ಬಂದಿರಲಿಲ್ಲ. ಅದನ್ನು ನಾನು ಗಮನಿಸಿದೆ. ಕ್ರೆಡಿಟ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದಾಗಲೇ ದಂಡ ತಂದಿದ್ದಳು.

ಎರಡು ಗೆಡ್ಡೆ ಹೆರೆದು ಮುಗಿಸಿದೆ. ಆಮೇಲೆ ಕೇಳಿದೆ.

"ಯಾತಕ್ಕೆ ಇದು?"

"ನಿಮ್ಮ ಮಾತಿನ ನಡುವೆ ಬಾಯಿ ಹಾಕಿದ್ದಕ್ಕೆ ಅಜ್ಜ."

"ಇನ್ನೊಂದು ಸಲ ಹಂಗೇ ಆದ್ರೆ?"

ಅವಳು ತಲೆ ಎತ್ತಲಿಲ್ಲ. ಒಳಗಿನಿಂದ ಪೇಪೆ ಕೆಮ್ಮಿದ್ದು ಕೇಳಿಸಿತು. "ಇನ್ನೊಂದು ಪೆಟ್ಟಿಗೆ ತರ್ತೀನಿ" ಎಂದಳು.

ನಮ್ಮೂರ ಸಭೆಯಲ್ಲಾಗಿದ್ದರೆ ಈ ಉತ್ತರಕ್ಕೆ ಹಂದಿಯೂ ಬೀಳುತ್ತಿತ್ತು. ನಾನು ಹೆರೆಯುವ ಚಾಕು ಕೆಳಗಿಟ್ಟು ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ಕೈ ಇಟ್ಟರೆ ತೆಗೆದುಕೊಂಡ ಹಾಗೆ, ವಿಷಯ ಮುಗಿದ ಹಾಗೆ. ಅವಳ ಹೆಗಲು ಇಳಿಯಿತು. ಆಮೇಲೆ ಇಬ್ಬರೂ ಸೇರಿ ಉಳಿದ ಗೆಡ್ಡೆ ಹೆರೆದೆವು. ದ್ವೀಪದಲ್ಲಿ ಮೇಡಂ ನನ್ನನ್ನು ಕೇಳಿದಾಗ ಏಳು ಜನರಲ್ಲಿ ಇವಳಿಗೆ ನಾನು ಬರೀ ಪಾಸು ಎಂದಿದ್ದೆ. ಮೊಮ್ಮಗಳು ಎಂದು ಹೆಚ್ಚು ಹೇಳಲು ನಾಚಿಕೆಯಾಗಿತ್ತು.

ಮುಂದಿನ ಬುಧವಾರ ಕಾಗದ ಬಂತು. ಅವತ್ತು ಪೇಪೆಯ ಆಸ್ಪತ್ರೆಯ ದಿನ. ಫುವಾತಿನೋ ಯಂತ್ರದ ಪಕ್ಕದಲ್ಲಿ ಕೂತು ಓದಿದಳು, ನಾನು ಮಂಚದ ಆ ಕಡೆ. ಕ್ರೆಡಿಟ್ ಕೊಟ್ಟಿದ್ದರು. ಹನ್ನೆರಡು. ಮೂರನೇ ವರ್ಷ. ಪೇಪೆ ಟ್ಯೂಬಿಲ್ಲದ ಕೈಯಿಂದ ಮಗಳ ಮಣಿಕಟ್ಟು ಹಿಡಿದುಕೊಂಡು ಮತ್ತೆ ಓದು ಎಂದಳು, ಮತ್ತೆ ಓದಿಸಿದಳು.

ನಾನು ಕೆಳಗಿನ ಸಾಲುಗಳನ್ನೂ ಓದು ಎಂದೆ. ಅವಳಿಗೆ ಇಷ್ಟವಿರಲಿಲ್ಲ, ಓದಿದಳು. ಊರಲ್ಲಿ ಕಲಿಸಿದವರಿಗೆ ವಿಷಯದ ತಿಳಿವಳಿಕೆ ಇದೆ ಎಂದು ಸ್ಥಾಪಿಸಲು ಆಗಲಿಲ್ಲ, ಅವರೇ ಹಾಗೆಂದು ಒಪ್ಪಿದ್ದಾರೆ. ಆದರೂ ಹಿರಿಯರ ಹೇಳಿಕೆಯ ನಡುವೆ ಪ್ರವೇಶಿಸಿ ಅದನ್ನು ಧೈರ್ಯದಿಂದ ತಿದ್ದಿದ್ದರಿಂದ, ಈ ಪಾಠದಲ್ಲಿ ಕಲಿಯಬೇಕಾದದ್ದನ್ನು ವಿದ್ಯಾರ್ಥಿನಿ ಕಲಿತಿದ್ದಾಳೆಂದು ಸಮಿತಿಗೆ ಮನವರಿಕೆಯಾಗಿದೆ.

ದಿಂಬಿನ ಹುಡುಗನನ್ನು ಯಾವುದಕ್ಕೆ ಹೊರಗೆ ಕಳಿಸಿದ್ದೆವೋ ಅದಕ್ಕೇ ಇವರು ಕ್ರೆಡಿಟ್ ಕೊಟ್ಟಿದ್ದರು. ಅವಳು ಹದಿನೈದು ನಿಮಿಷ ಕೂತು ಹೇಳಿದ ಮರ, ಕಲ್ಲು, ಹೊಕ್ಕುಳ ಬಳ್ಳಿ, ಯಾವುದೂ ಆ ಕಾಗದದಲ್ಲಿ ಇರಲಿಲ್ಲ. ಬಾಯಿ ಹಾಕಿದ್ದು ಮಾತ್ರ ಇತ್ತು.

"ಬೇಜಾರಾ ಅಜ್ಜ?" ಎಂದು ಕೇಳಿದಳು.

ಬೇಜಾರು ಸಮಾನರ ಮೇಲೆ ಬರುವಂಥದ್ದು. "ಕಾಗದ ಮಡಚಿ ಅಮ್ಮನ ಚೀಲದಲ್ಲಿಡು" ಎಂದೆ.

ಅವಳು ಈಗ ಮೂರನೇ ವರ್ಷಕ್ಕೆ ಹೋಗುತ್ತಿದ್ದಾಳೆ. ವಾರಕ್ಕೆ ಮೂರು ದಿನ ಅಮ್ಮನನ್ನು ಬಿಟ್ಟು ಕ್ಲಾಸಿಗೆ, ಕ್ಲಾಸು ಮುಗಿಸಿ ಅಮ್ಮನನ್ನು ಕರೆತರುವುದಕ್ಕೆ. ಪೇಪೆ ಗೌನಿನ ಅಳತೆ ಈಗಲೇ ಕೇಳುತ್ತಾಳೆ. ಚರ್ಚಿನಲ್ಲಿ ಇಲೈಸಾ ಎದ್ದು ನಿಂತು, ನಮ್ಮ ಮಗುವಿಗೆ ಸೀಟು ಕೊಡಿಸಲು ತಾನು ಎಷ್ಟು ಓಡಾಡಿದೆ ಎಂದು ಹೇಳಿದ, ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾತಾಡುವವನ ನಡುವೆ ಬಾಯಿ ಹಾಕಬಾರದಲ್ಲ.

ಹೋದ ತಿಂಗಳು ನೆರಿಡಾಳಿಂದ ಇನ್ನೊಂದು ಇ-ಮೇಲು ಬಂತು, ಈ ಸಲ ನನ್ನ ಹೆಸರಿಗೆ. ಹೊಸ ವಿದ್ಯಾರ್ಥಿಗಳ ಸ್ವಾಗತದ ದಿನ ಕಾನೂನು ಶಾಲೆಗೆ ಬಂದು ಹಿರಿಯರಾಗಿ ನಾಲ್ಕು ಮಾತು ಆಡಬೇಕಂತೆ. ಹತ್ತು ನಿಮಿಷ. ಫೋಟೋ ತೆಗೆಯುತ್ತಾರಂತೆ. ಆ ಚಾಮರ ತಪ್ಪದೆ ತರಬೇಕೆಂದು ಡಾಕ್ಟರ್ ಹೆಸ್ಕೆತ್ ಹೇಳಿದ್ದಾರಂತೆ.

ಫುವಾತಿನೋ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದಳು. ಬರೆದುಕೋ ಎಂದೆ. ಲೇವಾಸಾ ಏನೂ ತಿಳಿಯದವನು, ಅವನಿಂದ ಯಾರೂ ಏನೂ ಕಲಿತಿಲ್ಲ, ಇದು ನಿಮ್ಮ ದಾಖಲೆಯಲ್ಲೇ ಇದೆ, ನೋಡಿಕೊಳ್ಳಿ.

ಅವಳು ಒಂದಕ್ಷರವನ್ನೂ ತಿದ್ದದೆ ಬರೆದು ಕಳಿಸಿದಳು. ಹತ್ತು ನಿಮಿಷದೊಳಗೆ ಉತ್ತರ ಬಂತು. ಚಿಂತೆ ಬೇಡ.